ಬಸುರಿಯ ಶುಗರ್ ನೋಡ್ತೀರಿ, ಅವಳು ಕುಡಿಯುವ ನೀರನ್ನೂ ನೋಡಿ

ಬಸುರಿ ಹೆಂಗಸು ತಪಾಸಣೆಗೆ ಹೋದರೆ ತೂಕ, ಬಿಪಿ, ರಕ್ತ, ಶುಗರ್ ಎಲ್ಲ ನೋಡುತ್ತಾರೆ. ಏನು ತಿಂತೀಯಮ್ಮ ಅಂತಲೂ ಕೇಳುತ್ತಾರೆ. ಕುಡಿಯುವ ನೀರು ಎಲ್ಲಿಯದು, ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳುವವರು ತೀರಾ ಕಡಿಮೆ. ಬೋರ್‌ವೆಲ್ ನೀರನ್ನೇ ನಂಬಿದವರಿಗೆ ಈ ಪ್ರಶ್ನೆ ಮೊದಲ ತಪಾಸಣೆಯಲ್ಲೇ ಬರಬೇಕು.

ಯಾಕೆಂದರೆ ಕೆಲವು ಕಡೆ ನೆಲದಡಿಯ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಉಳಿಯುತ್ತದೆ, ಹಾಗಾಗಿ ಸಾಂದ್ರತೆ ಇನ್ನೂ ಜಾಸ್ತಿಯಾಗುತ್ತದೆ.

ದೇಹ ಸುಮ್ನೆ ಕೂರುವುದಿಲ್ಲ, ನಿಜ. ಲಿವರ್ ಈ ಆರ್ಸೆನಿಕ್‌ಗೆ ಮೀಥೈಲ್ ಗುಂಪು ಅನ್ನುವ ಪುಟ್ಟ ರಾಸಾಯನಿಕ ತುಣುಕುಗಳನ್ನು ಸೇರಿಸುತ್ತದೆ. ಮೊದಲ ಹಂತದಲ್ಲಿ ಒಂದು ಗುಂಪು ಸೇರಿ ಎಂಎಂಎ ಅನ್ನುವ ರೂಪವಾಗುತ್ತದೆ, ಎರಡನೆಯದರಲ್ಲಿ ಇನ್ನೊಂದು ಸೇರಿ ಡಿಎಂಎ. ಡಿಎಂಎ ಮೂತ್ರದಲ್ಲಿ ಬೇಗ ಹೊರಗೆ ಹೋಗುತ್ತದೆ. ಅರ್ಧಕ್ಕೆ ನಿಂತ ಎಂಎಂಎ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಆಶ್ಚರ್ಯವೆಂದರೆ, ಗರ್ಭಿಣಿಯಲ್ಲಿ ತಿಂಗಳು ತುಂಬುತ್ತಾ ಹೋದಂತೆ ಈ ಕೆಲಸ ಚುರುಕಾಗುತ್ತದೆ. ಅರ್ಜೆಂಟೀನಾದ ಆಂಡೀಸ್ ಬೆಟ್ಟದ ಊರೊಂದರಲ್ಲಿ ಪರೀಕ್ಷೆ ಮಾಡಿದಾಗ, ಹೆರಿಗೆ ಹೊತ್ತಿಗೆ ತಾಯಿಯ ಮೂತ್ರದಲ್ಲಿದ್ದ ಆರ್ಸೆನಿಕ್‌ನಲ್ಲಿ ಶೇ. 90ರಷ್ಟು ಡಿಎಂಎ ಇತ್ತು. ಆದರೆ ಹೊಕ್ಕುಳಬಳ್ಳಿಯ ರಕ್ತದಲ್ಲೂ ಹೆಚ್ಚುಕಡಿಮೆ ತಾಯಿಯಲ್ಲಿದ್ದಷ್ಟೇ ಆರ್ಸೆನಿಕ್ ಸಿಕ್ಕಿತು. ಮಾಸು ಅದನ್ನು ತಡೆಯುವುದಿಲ್ಲ.

ಹಾಗಾಗಿ ದೇಹವೇ ನೋಡಿಕೊಳ್ಳುತ್ತೆ ಬಿಡಿ ಅನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಮಗುವಿನ ಅಂಗಾಂಗ ಮೂಡುವುದೇ ಮೊದಲ ವಾರಗಳಲ್ಲಿ. ಲಿವರ್ ಪೂರ್ತಿ ಚುರುಕಾಗುವುದು ಆಮೇಲೆ. ಅದೂ ಅಲ್ಲದೆ, ಆ ಮೀಥೈಲ್ ಗುಂಪುಗಳು ಬರುವುದು ಊಟದಲ್ಲಿ ಸಿಗುವ ಫೋಲೇಟ್, ಕೋಲಿನ್, ಪ್ರೋಟೀನ್ ಅನ್ನುವ ಪೋಷಕಾಂಶಗಳ ನೆರವಿನಿಂದ. ಬೆಳೆಯುವ ಮಗುವಿಗೂ ಅವೇ ಬೇಕು. ಊಟವೇ ಸಾಲದ ತಾಯಿ ಎಲ್ಲಿಂದ ತರಬೇಕು?

ಇನ್ನು ಶುಗರ್ ವಿಷಯ. ಬಸುರಿನಲ್ಲಿ ಇನ್ಸುಲಿನ್‌ನ ಪ್ರಭಾವ ಹೇಗೂ ತಗ್ಗುತ್ತದೆ. ಇನ್ಸುಲಿನ್ ಬಿಡುಗಡೆಗೂ, ಜೀವಕೋಶಗಳು ಗ್ಲೂಕೋಸ್ ಒಳಗೆಳೆದುಕೊಳ್ಳುವುದಕ್ಕೂ ಆರ್ಸೆನಿಕ್ ಅಡ್ಡಿ ಮಾಡುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಗರ್ಭಿಣಿಯರ ಡಯಾಬಿಟಿಸ್‌ಗೂ ಆರ್ಸೆನಿಕ್‌ಗೂ ನಂಟಿದೆ ಅಂತ ಹಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಒಂದೇ ಮಾತು ಹೇಳಿಲ್ಲ. ಅದು ಇತ್ಯರ್ಥವಾಗುವವರೆಗೆ ನಾವು ಮಾಡುವುದೇನು? ಶುಗರ್ ಏರಿದರೆ ತಪ್ಪನ್ನೆಲ್ಲ ಅವಳ ತಟ್ಟೆಯ ಮೇಲೆ ಹಾಕುತ್ತೇವೆ. ಇದು ಅನ್ಯಾಯ ಅಲ್ವಾ?

ಬಾಂಗ್ಲಾದೇಶದಲ್ಲಿ ಕೈಪಂಪುಗಳನ್ನು ಪರೀಕ್ಷಿಸಿ, ಲೀಟರಿಗೆ 50 ಮೈಕ್ರೋಗ್ರಾಂ ದಾಟಿದ್ದಕ್ಕೆ ಕೆಂಪು, ಉಳಿದದ್ದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅರ್ಥವಾಗುವ ಒಳ್ಳೆಯ ಕೆಲಸ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. ಹಸಿರು ಪಂಪಿನ ನೀರಿನಲ್ಲೂ ಅದರ ಮೂರು ನಾಲ್ಕು ಪಟ್ಟು ಇರಬಹುದು. ಬಸುರಿಯರ ವಿಷಯದಲ್ಲಾದರೂ 10ನ್ನೇ ಹಿಡಿಯಬೇಕು ಅಂತ ನನ್ನ ವಾದ.

ಫೋಲೇಟ್ ಒದಗಿಸುವ ಫೋಲಿಕ್ ಆಸಿಡ್ ಮಾತ್ರೆ ತಪ್ಪಿಸಬೇಡಿ, ಆದರೆ ಅದು ಒಳ್ಳೆ ನೀರಿಗೆ ಬದಲಿಯಲ್ಲ. ನೀರಿನ ಮೂಲ ಬದಲಾಯಿಸಿದರೆ ಕೆಲವೇ ದಿನಗಳಲ್ಲಿ ಮೂತ್ರದ ಆರ್ಸೆನಿಕ್ ಇಳಿಯತೊಡಗುತ್ತದೆ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ ಜೊತೆಗೆ ನೀರಿನ ಪರೀಕ್ಷೆಯ ಅಂಕಿಗೂ ಒಂದು ಸಾಲು ಇರಲಿ.