ಯೋಚಿಸುವಾಗ ಕೈ ಬೋರ್ಡಿನ ಮೇಲೆ ಬೇಡ

ಶಿರಸಿ, ಕುಮಟಾ, ಕಾರವಾರದ ಕಡೆ ಮಕ್ಕಳನ್ನು ಚೆಸ್ ಟೂರ್ನಿಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳನ್ನು, ಆಮೇಲೆ ಕಲಿಸಿ. ಮೊದಲು ಮಗುವಿನ ಕೈ ಎಲ್ಲಿರುತ್ತದೆ ನೋಡಿ.

ಎಷ್ಟೋ ಮಕ್ಕಳು ಬೆರಳಲ್ಲಿ ಮನೆ ಎಣಿಸುತ್ತಾ ಯೋಚಿಸುತ್ತಾರೆ. ಕುದುರೆಯ ಮೇಲೆ ಕೈ ತಂದು, ಮುಟ್ಟದೆ, ಹಾಗೇ ಕೂರುತ್ತಾರೆ. ಮೋಸದ ಉದ್ದೇಶ ಇರುವುದಿಲ್ಲ, ನಿಜ. ಆದರೆ ಎದುರಿಗೆ ಕೂತವರಿಗೆ ಬೋರ್ಡೇ ಕಾಣುವುದಿಲ್ಲ. ಎದುರಾಳಿಯ ಸರದಿಯಲ್ಲಿ, ಅವರ ಗಡಿಯಾರ ಓಡುತ್ತಿರುವಾಗ ಹೀಗೆ ಮಾಡಿದರೆ ಅದು ಅನ್ಯಾಯವೇ. ಎದುರಾಳಿಗೆ ಯಾವ ರೀತಿಯಲ್ಲೂ ಕಿರಿಕಿರಿ ಮಾಡಬಾರದು ಅಂತ ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮವೇ ಹೇಳುತ್ತದೆ.

ಈ ರೂಢಿ ನಮ್ಮ ಜಗುಲಿಯಿಂದಲೇ ಬಂದದ್ದು. "ತಡಿ ಮಾಣಿ, ಇಟ್ಟು ನೋಡ್ತಿ" ಅಂತ ಅಜ್ಜನೇ ಕಾಯಿ ಇಟ್ಟು, ಮತ್ತೆ ತೆಗೆಯುತ್ತಾರೆ. ಮನೆಯಾಟಕ್ಕೆ ಅದು ಚಂದ. ಟೂರ್ನಿಯಲ್ಲಿ ಬೇಕೆಂದೇ ಕಾಯಿ ಮುಟ್ಟಿದರೆ, ನಡೆಸಲು ಆಗುವಂತಿದ್ದರೆ, ಅದನ್ನೇ ನಡೆಸಬೇಕು.

ಹಾಗಾದರೆ ತಲೆಯೊಳಗೆ ಬೋರ್ಡು ಮೂಡದ ಮಗು ಏನು ಮಾಡಬೇಕು? ಅಭ್ಯಾಸದಲ್ಲಿ ಧಾರಾಳವಾಗಿ ಕಾಯಿ ಸರಿಸಲಿ. ಸ್ವಲ್ಪ ದಿನದ ಮೇಲೆ ಬರೀ ಕಣ್ಣಲ್ಲಿ ನೋಡಿ, ಮೂರು ನಡೆ ಆದಮೇಲೆ ಮಂತ್ರಿ ಯಾವ ಮನೆಯಲ್ಲಿದೆ ಅಂತ ಹೇಳಲಿ. ಆಮೇಲೆ ಬೋರ್ಡಿಗೆ ಬೆನ್ನು ಹಾಕಿ ಹೇಳಲಿ. ಆಟದಲ್ಲಿ ಕಣ್ಣು ಮುಚ್ಚಬಹುದು, ಸೂರು ನೋಡಬಹುದು. ಉಕ್ರೇನಿನ ಇವಾಂಚುಕ್ ಅಂಥ ಗ್ರ್ಯಾಂಡ್‌ಮಾಸ್ಟರೇ ಬೋರ್ಡು ಬಿಟ್ಟು ಮೇಲೆ ನೋಡುತ್ತಾ ಲೆಕ್ಕ ಹಾಕುತ್ತಾರೆ. ಇನ್ನೊಂದು ಬೋರ್ಡಿನಲ್ಲಿ ಇಟ್ಟು ನೋಡುವಂತಿಲ್ಲ, ಚೀಟಿ ಇಟ್ಟುಕೊಳ್ಳುವಂತಿಲ್ಲ. ನಡೆಯನ್ನು ಮೊದಲು ಬರೆದು, ಆಮೇಲೆ ಕಾಯಿ ಸರಿಸು ಅಂತ ಹಿಂದೆ ಕಲಿಸುತ್ತಿದ್ದರು. ನಿಯಮದ ಪ್ರಕಾರ ಡ್ರಾ ಆಗಬೇಕು ಅಂತ ಆರ್ಬಿಟರ್ (ತೀರ್ಪುಗಾರ) ಹತ್ತಿರ ಕೇಳುವಂಥ ಸಂದರ್ಭ ಬಿಟ್ಟರೆ ಈಗ ಅದಕ್ಕೂ ಅವಕಾಶವಿಲ್ಲ.

ದೃಷ್ಟಿ ಇಲ್ಲದ ಆಟಗಾರರ ಪಕ್ಕದಲ್ಲಿ ಇನ್ನೊಂದು ಬೋರ್ಡು ಇದ್ದರೆ ಕೆಲವರು ಗೊಣಗುತ್ತಾರೆ. ನನಗೆ ಇದು ತುಂಬಾ ಬೇಸರ ತರುತ್ತದೆ. ಆ ಬೋರ್ಡು ಅವರ ಹಕ್ಕು. ಅದರಲ್ಲಿ ಕಪ್ಪು ಮನೆಗಳು ಸ್ವಲ್ಪ ಎತ್ತರ. ಪ್ರತಿ ಮನೆಗೂ ಒಂದು ತೂತು, ಪ್ರತಿ ಕಾಯಿಗೂ ಅಡಿಯಲ್ಲಿ ಗೂಟ. ಬೆರಳಲ್ಲಿ ತಡವಿ ಸ್ಥಿತಿ ತಿಳಿಯುತ್ತಾರೆ. ಕಾಯಿಯನ್ನು ತೂತಿನಿಂದ ಎತ್ತಿದರೆ ಮಾತ್ರ 'ಮುಟ್ಟಿದ' ಲೆಕ್ಕ. ಇಬ್ಬರೂ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಅಂಧರ ರಾಷ್ಟ್ರೀಯ ಚಾಂಪಿಯನ್ ಆದ ಕಿಶನ್ ಗಂಗೊಳ್ಳಿ ನಮ್ಮ ಪಕ್ಕದ ಶಿವಮೊಗ್ಗದವರು. ಅಂಥವರ ಎದುರು ಕೂರುವ ಮಗುವಿಗೆ ನಡೆ ಸ್ಪಷ್ಟವಾಗಿ ಹೇಳುವುದನ್ನು ಯಾರಾದರೂ ಮೊದಲೇ ಕಲಿಸಿರಬೇಕು, ಅಲ್ವಾ?

ಟೂರ್ನಿ ನಡೆಸುವವರಲ್ಲಿ ಒಂದು ಕೋರಿಕೆ. ಮೊದಲ ಸುತ್ತಿಗೆ ಮುಂಚೆ ನಿಯಮಗಳನ್ನು ಇಂಗ್ಲಿಷಿನಲ್ಲಿ ಸುಮ್ನೆ ಓದಿ ಮುಗಿಸಬೇಡಿ. ಒಂದು ಬೋರ್ಡು ಇಟ್ಟು, ಕನ್ನಡದಲ್ಲಿ ಹೇಳಿ, ಮಾಡಿ ತೋರಿಸಿ. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದ ಮಕ್ಕಳಿಗೆ, ಎದುರಾಳಿ ದೂರು ಕೊಟ್ಟು ಆರ್ಬಿಟರ್ ಬಂದು ನಿಂತಾಗಲೇ ಈ ನಿಯಮ ಗೊತ್ತಾಗುವಂತೆ ಆಗಬಾರದು.