ಡಿಎಸ್‌ಜಿ ಪೋಲೊ ಕೊಳ್ಳುವ ಮುನ್ನ

ಹಳೇ ಫೋಕ್ಸ್‌ವ್ಯಾಗನ್ ಪೋಲೊ ಕಮ್ಮಿ ದುಡ್ಡಿಗೆ ಒಳ್ಳೇ ಕಾರು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಾಡಿ ಗಟ್ಟಿ, ಹೈವೇಲಿ ಹಿಡಿತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ರಿಪೇರಿ ಖರ್ಚನ್ನು ಎರಡೇ ಸಾಲಲ್ಲಿ ಮುಗಿಸಿದ್ದು ಬೇಸರವಾಯಿತು, ಮೊದಲ ಕಾರು ಕೊಳ್ಳುವ ಹುಡುಗರು ಇದನ್ನು ಓದುತ್ತಾರೆ.

ಪೋಲೊದ 1.2 ಲೀಟರ್ ಜಿಟಿ ಟಿಎಸ್‌ಐ ಪೆಟ್ರೋಲ್ ಮಾದರಿಯಲ್ಲಿರುವುದು 7 ಗೇರಿನ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಟ್ರಾಫಿಕ್‌ನಲ್ಲಿ ದಿನಾ ತೆವಳಿದರೆ ಕ್ಲಚ್ ಕಾದು ಬೇಗ ಸವೆಯುತ್ತದೆ. ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ ಯೂನಿಟ್ ಹೋದರಂತೂ ರಿಪೇರಿ ಬಿಲ್ ಲಕ್ಷ ದಾಟುವುದುಂಟು. ಹಾಗಾಗಿ ಟೆಸ್ಟ್ ಡ್ರೈವನ್ನು ಖಾಲಿ ರಸ್ತೆಯಲ್ಲಿ ಮುಗಿಸಬೇಡಿ. ಗಾಡಿ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ನಿಧಾನಗತಿಯಲ್ಲಿ 1ರಿಂದ 2ನೇ ಗೇರಿಗೆ ಹೋಗುವಾಗ ಜರ್ಕ್ ಇದೆಯಾ ನೋಡಿ. ಆಟೋಮ್ಯಾಟಿಕ್ಕೇ ಬೇಕೆಂದರೆ 2020ರ ನಂತರದ 1.0 ಟಿಎಸ್‌ಐ ನೋಡಿ, ಅದರ ಆಟೋಮ್ಯಾಟಿಕ್‌ನಲ್ಲಿ ಡ್ರೈ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ 6 ಗೇರಿನ ಟಾರ್ಕ್ ಕನ್ವರ್ಟರ್ ಇದೆ.

ಡೀಸೆಲ್‌ನಲ್ಲಿ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬೆಲ್ಟ್ ತುಂಡಾದರೆ ವಾಲ್ವ್, ಪಿಸ್ಟನ್ ಬಡಿದುಕೊಂಡು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

2010–11ರ ಗಾಡಿಯಾದರೆ 15 ವರ್ಷದ ಆರ್‌ಸಿ ನವೀಕರಣದ ಖರ್ಚನ್ನೂ ಕಳೆದು ಬೆಲೆ ಮಾತಾಡಿ.