ಯುದ್ಧದ ಫೋಟೊ ನೋಡಿ ಪದ್ಯ ಬರೆಯುವವರಿಗೆ

ಯುದ್ಧದ ಫೋಟೊ ಒಂದು ವೈರಲ್ ಆಯಿತೆಂದರೆ ಮರುದಿನ ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಕನ್ನಡದ ಪದ್ಯಗಳು ಸಾಲುಗಟ್ಟುತ್ತವೆ. ಬರೆದವರ ಸಂಕಟ ನಿಜವೇ. ಆದರೆ ಅವುಗಳಲ್ಲಿ ಬಹುಪಾಲು ಪದ್ಯಗಳನ್ನು ಬೇರೆ ಯಾವ ಯುದ್ಧದ ಫೋಟೊ ಕೆಳಗೆ ಅಂಟಿಸಿದರೂ ಸರಿಹೊಂದುತ್ತವೆ. ನನ್ನ ತಕರಾರು ಇರುವುದು ಅಲ್ಲಿ.

ಚಿತ್ರದ ಜೊತೆ ಬರಹ ನಮಗೆ ಹೊಸದೇನಲ್ಲ. ಬೆಂಗಳೂರು ಎಂಬ ಹೆಸರೇ ನಮಗೆ ಮೊದಲು ಸಿಗುವುದು ಬೇಗೂರಿನ ಶಾಸನದಲ್ಲಿ, ಸುಮಾರು ಕ್ರಿ.ಶ. 890ರ ಒಂದು ಕಾಳಗದ ಸಾವನ್ನು ದಾಖಲಿಸುವಾಗ. ಮೂರು ಪಟ್ಟಿಕೆಗಳ ವೀರಗಲ್ಲು ನೆನಪಿಸಿಕೊಳ್ಳಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಕ್ಯಾಮೆರಾ ಮೇಲಿನ ಎರಡು ಪಟ್ಟಿಕೆಗಳನ್ನು ಕೊಡುವುದಿಲ್ಲ. ಅವನ್ನು ನಾವು ಪದ್ಯದಲ್ಲಿ ಕೆತ್ತಿಬಿಡುತ್ತೇವೆ. ಭೂತಾಯಿ ಅಳುತ್ತಾಳೆ, ಹುತಾತ್ಮ ನಕ್ಷತ್ರವಾಗುತ್ತಾನೆ. ಅಲ್ಲಿಗೆ ಪದ್ಯ ಫೋಟೊದ ಕೈಬಿಟ್ಟಿತು.

ಬರೆಯುವ ಮೊದಲು ಫೋಟೊದ ಮೂಲ ಹುಡುಕಿ. ವಾಟ್ಸ್ಆಪ್‌ನಲ್ಲಿ ಬಂದ ಪ್ರತಿ ಸಾಲದು; ಅಂಚು ಕತ್ತರಿಸಿರುತ್ತಾರೆ, ಅಡಿಬರಹ ಬದಲಾಗಿರುತ್ತದೆ. ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯ ಫೋಟೊಗಳಲ್ಲಿ ಹಲವು ಲೈಬ್ರರಿ ಆಫ್ ಕಾಂಗ್ರೆಸ್ ಅಥವಾ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಪುಟದಲ್ಲಿ ಪೂರ್ತಿ ಚೌಕಟ್ಟಿನ ಸಮೇತ ಸಿಗುತ್ತವೆ. ಇದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇಂದಿನ ಇಸ್ರೇಲಿನ ಹೈಫಾ ಊರು ಒಳ್ಳೆಯ ಉದಾಹರಣೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಅಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋರಾಡಿದರು. ಅವರ ಸ್ಮಾರಕ ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಆ ದಾಳಿಯದೆಂದು ಹಂಚುವ ಪ್ರಸಿದ್ಧ ಫೋಟೊ ದಾಳಿಯದಲ್ಲ. ಊರು ವಶವಾದ ಮೇಲೆ ಕುದುರೆ ಸವಾರರು ಬೀದಿಯಲ್ಲಿ ಸಾಗುತ್ತಿರುವ ಚಿತ್ರ ಅದು, ಅವರನ್ನೂ ಸಾಮಾನ್ಯವಾಗಿ ಜೋಧಪುರದವರೆಂದೇ ಗುರುತಿಸುತ್ತಾರೆ. ಅದನ್ನು ನೋಡಿ 'ನಮ್ಮ ಮೈಸೂರ ಕುದುರೆಯ ಖುರಪುಟ' ಎಂದು ಬರೆದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ.

ಮೂಲ ಸಿಕ್ಕಿತೆನ್ನಿ. ಇಪ್ಪತ್ತು ನಿಮಿಷ ಬರೀ ನಾಮಪದಗಳನ್ನು ಪಟ್ಟಿ ಮಾಡಿ, ವಿಶೇಷಣ ಒಂದೂ ಬೇಡ. ಮೊದಲು ನಾಲ್ಕು ಅಂಚು ನೋಡಿ, ಆಮೇಲೆ ನಡು. ಹಾಳೆಯಲ್ಲಿ ಮೂರು ಕಾಲಂ ಇರಲಿ: ಕಂಡದ್ದು, ಅಡಿಬರಹ ಹೇಳಿದ್ದು, ನಾನು ಊಹಿಸಿದ್ದು. ಪದ್ಯ ಸೋಲುವುದು ಸಾಮಾನ್ಯವಾಗಿ ಮೂರನೆಯದು ಮೊದಲನೆಯದರ ವೇಷ ಹಾಕಿಕೊಂಡು ಬಂದಾಗ. ಕಪ್ಪುಬಿಳುಪು ಫೋಟೊದಲ್ಲಿ ಕೆಂಪು ಇಲ್ಲ. ನೆತ್ತರು ಅಲ್ಲಿ ಕೆಸರಿನಿಂದ ಬೇರ್ಪಡಿಸಲಾಗದ ಕಪ್ಪು ಕಲೆ. ಆ ಅನುಮಾನವನ್ನೇ ಬರೆಯಿರಿ, ಬಣ್ಣ ಬಳಿಯಬೇಡಿ.

ಫೋಟೊ ತೆಗೆದ ಬಗೆಯೂ ಗೊತ್ತಿರಬೇಕು. ಹತ್ತೊಂಬತ್ತನೆಯ ಶತಮಾನದ ಒದ್ದೆ ಗಾಜಿನ ತಟ್ಟೆಗೆ ಹಲವು ಸೆಕೆಂಡು ಬೆಳಕು ಬೇಕಿತ್ತು, ಓಡುವವರು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಆ ಕಾಲದ ಯುದ್ಧದ ಫೋಟೊ ಅಂದರೆ ಹೆಚ್ಚಾಗಿ ಕಾಳಗ ಮುಗಿದ ಮೇಲಿನ ನಿಶ್ಚಲತೆ. ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈನಲ್ಲಿ ಛಾಯಾಗ್ರಾಹಕ ಅಲೆಕ್ಸಾಂಡರ್ ಗಾರ್ಡ್ನರ್ ತಂಡ ಸತ್ತ ಸೈನಿಕನೊಬ್ಬನನ್ನು 40 ಗಜಕ್ಕೂ ದೂರ ಹೊತ್ತೊಯ್ದು, ಕಲ್ಲಿನ ಸಂದಿಯಲ್ಲಿ ಮಲಗಿಸಿ, ಬಂದೂಕು ಒರಗಿಸಿ ಚಿತ್ರ ತೆಗೆಯಿತು. ಲಖನೌದ ಸಿಕಂದರ್ ಬಾಗ್ ಕಾಳಗ ನಡೆದದ್ದು 1857ರ ನವೆಂಬರಿನಲ್ಲಿ. ಫೆಲಿಸ್ ಬಿಯಾಟೊ ಅಲ್ಲಿ ಮೂಳೆಗಳ ಚಿತ್ರ ತೆಗೆದದ್ದು ತಿಂಗಳುಗಳ ನಂತರ, 1858ರಲ್ಲಿ. 'ಇಲ್ಲೇ ಬಿದ್ದೆಯಾ ಮಗನೇ' ಎಂದು ಇವಕ್ಕೆ ಬರೆಯಲಾಗದು. ಆದರೆ ಹೆಣವನ್ನು ಹೊತ್ತವರ ಬಗ್ಗೆ ಬರೆಯಬಹುದು, ಅದು ಹೆಚ್ಚು ಗಟ್ಟಿ ವಸ್ತು.

ಕ್ರಿಮಿಯಾ ಯುದ್ಧದಲ್ಲಿ, 1855ರಲ್ಲಿ, ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ ತೆಗೆದ ಕಣಿವೆಯ ಚಿತ್ರ ಎರಡು ರೂಪದಲ್ಲಿದೆ. ಒಂದರಲ್ಲಿ ಫಿರಂಗಿ ಗುಂಡುಗಳು ಹಾದಿಯ ಮೇಲೆ ಹರಡಿವೆ, ಇನ್ನೊಂದರಲ್ಲಿ ಹಾದಿ ಖಾಲಿ. ಮನುಷ್ಯರು ಎರಡರಲ್ಲೂ ಇಲ್ಲ. 'ನೆತ್ತರಲಿ ತೊಯ್ದ ಕಣಿವೆ' ಎಂದು ಶುರುಮಾಡಿದರೆ ಕಾಣದ್ದನ್ನೇ ಬರೆದಂತೆ. ಹೀಗೆ ಬರೆದು ನೋಡಿ:

ಒಂದು ಪಟದಲ್ಲಿ ಹಾದಿ ಖಾಲಿ.
ಇನ್ನೊಂದರಲ್ಲಿ
ಹಾದಿ ತುಂಬ ಗುಂಡು.
ಸರಿಸಿದ ಕೈ
ಎರಡರಲ್ಲೂ ಇಲ್ಲ.

ಛಂದಸ್ಸಿನ ಬಗ್ಗೆ ಒಂದು ಮಾತು. ಕಾಳಗ ಅಂದಕೂಡಲೇ ಕಿವಿಗೆ ಭಾಮಿನಿ ಷಟ್ಪದಿ ಬರುತ್ತದೆ. ಮೂರು-ನಾಲ್ಕು ಮಾತ್ರೆಗಳ ಆ ನಡೆ ರಥ ಓಡಿಸಲಿಕ್ಕೆ ಹೇಳಿ ಮಾಡಿಸಿದ್ದು, ನಿಂತುಹೋದ ಚಿತ್ರಕ್ಕೆ ಅದು ವೇಗ ಜಾಸ್ತಿ. ನಾಲ್ಕು ಸಾಲಿನ ಚೌಪದಿ ವಾಸಿ. ಜರ್ಮನ್ ಕವಿ ಬ್ರೆಕ್ಟ್ ಪತ್ರಿಕೆಗಳಿಂದ ಕತ್ತರಿಸಿಟ್ಟ ಯುದ್ಧಚಿತ್ರಗಳಿಗೆ ನಾಲ್ಕೇ ಸಾಲು ಬರೆದ. ಮುಕ್ತಛಂದವಾದರೆ ಹದಿನಾರು ಸಾಲು ದಾಟಬೇಡಿ. ಆಮೇಲೆ ಬರುವುದು ಸಾಮಾನ್ಯವಾಗಿ ಭಾಷಣ. ಭೀಕರ, ಘೋರ, ರಕ್ತಸಿಕ್ತ, ಈ ಮೂರನ್ನು ಎರಡನೇ ಕರಡಿನಲ್ಲಿ ಹೊಡೆದುಹಾಕಿ. ಸತ್ತವರ ಬಾಯಲ್ಲಿ 'ನಾನು' ಎಂದು ಮಾತಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ನೋಡುತ್ತಿರುವವರು ನಾವು, ಮಾತು ನಮ್ಮದೇ ಇರಲಿ.

ಮುಗಿದ ಮೇಲೆ ಫೋಟೊ ನೋಡದ ಒಬ್ಬರಿಗೆ ಓದಿ ಹೇಳಿ, ಅವರಿಗೆ ಏನು ಕಂಡಿತು ಕೇಳಿ. ಅವರು ವಸ್ತು ಹೇಳಿದರೆ ಪದ್ಯ ನಿಂತಿದೆ; 'ಪಾಪ, ಯುದ್ಧ' ಎಂದರೆ ಮತ್ತೆ ಪಟ್ಟಿಗೆ ಹೋಗಿ.

ಪೋಸ್ಟ್ ಮಾಡುವಾಗ ಛಾಯಾಗ್ರಾಹಕರ ಹೆಸರು, ಊರು, ತಾರೀಖು, ಸಂಗ್ರಹದ ಹೆಸರು ಹಾಕಿ. ಮುಖ ಗುರುತಾಗುವ ಮಗುವೋ ಹೆಣವೋ ಇದ್ದರೆ ಪದ್ಯ ಮಾತ್ರ ಹಾಕಿ. ಹೆಸರು ಸಿಗದಿದ್ದರೆ 'ಛಾಯಾಗ್ರಾಹಕರು ತಿಳಿದಿಲ್ಲ' ಎಂದೇ ಬರೆಯಿರಿ, 'ಕೃಪೆ: ಇಂಟರ್ನೆಟ್' ಬೇಡ.